ಯಶವಂತಪುರದ ಮಣ್ಣಲ್ಲಿ ರೋಮಿನ ಬೆಳ್ಳಿ

ಒಡೆಯರಪಾಳ್ಯದ ಕಡೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ನಮ್ಮಂಥವರಿಗೆ ಯಶವಂತಪುರ ಅಂದ್ರೆ ರೈಲು, ಮಾರ್ಕೆಟ್ಟು, ಟ್ರಾಫಿಕ್ಕು. ಆದರೆ 1891ರಲ್ಲಿ ಅಲ್ಲಿ ರೈಲು ಕಾಮಗಾರಿಗೆ ನೆಲ ಅಗೆದಾಗ ಸಿಕ್ಕಿದ್ದು 163 ರೋಮನ್ ಬೆಳ್ಳಿ ನಾಣ್ಯಗಳು! ನಮ್ಮ ಮೆಣಸು, ಮುತ್ತು, ಹರಳುಗಳಿಗಾಗಿ ಕಡಲು ದಾಟಿ ಬರುತ್ತಿದ್ದ ಹಣ ಇದು. ಹೆಸರು ಡಿನೇರಿಯಸ್; ತೂಕ ನಾಲ್ಕು ಗ್ರಾಂ ಒಳಗೆ.

ಇವುಗಳ ಮೇಲಿನ ಚಿತ್ರವೇ ಒಂದು ಕಥೆ. ಭಾರತದಲ್ಲಿ ಹೆಚ್ಚಾಗಿ ಸಿಗುವ ಅಗಸ್ಟಸ್ ದೊರೆಯ ನಾಣ್ಯ ನೋಡಿ: ಮುಂದೆ ಅವನ ಮುಖ, ಹಿಂದೆ ಗುರಾಣಿ, ಈಟಿಗಳ ಜೊತೆ ನಿಂತ ಇಬ್ಬರು ಹುಡುಗರು. ಅವನು ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಗೈಯಸ್ ಮತ್ತು ಲೂಸಿಯಸ್. ಮುಂದಿನ ದೊರೆಗಳು ಇವರೇ ಅಂತ ಊರಿಗೆಲ್ಲ ಸಾರಿದ್ದ ತಾತ. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಪಟ್ಟ ಏರಿದವನು ಟೈಬೀರಿಯಸ್. ಅವನ ನಾಣ್ಯದ ಹಿಂಬದಿಯಲ್ಲಿ ರೆಂಬೆ ಹಿಡಿದು ಕುಳಿತ ಹೆಂಗಸಿದ್ದಾಳೆ. ಮೊಮ್ಮಕ್ಕಳು ಹೋದರೂ ಅವರ ಚಿತ್ರ ಮಾತ್ರ ಭಾರತದ ಮಣ್ಣಲ್ಲಿ ಉಳೀತು.

ನಾಳೆ ನಿಮ್ಮೂರ ಹೊಲದಲ್ಲೂ ಹಳೇ ನಾಣ್ಯ ಸಿಗಬಹುದು. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ, ಚಿತ್ರ ಸವೆಯುತ್ತೆ. ಅಕ್ಕಸಾಲಿಗರ ಹತ್ತಿರ ಕರಗಿಸಿದರೆ ಬರೀ ಬೆಳ್ಳಿಯ ಬೆಲೆ. ಸಿಕ್ಕ ಜಾಗದ ಫೋಟೋ ತೆಗೆದು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ಎಲ್ಲಿ ಸಿಕ್ತು ಅನ್ನೋದು ಗೊತ್ತಿದ್ದರೇನೇ ನಾಣ್ಯ ನಮ್ಮೂರಿನ ಕಥೆ ಹೇಳೋದು.