ಗುಂಜ್: ನೀರಿನ ಒತ್ತಡ ಪಳಗಿಸಿದ ಗೋಪುರ

ವಿಜಯಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು. ಕೃಷ್ಣೆಯೂ ದೂರ, ಭೀಮೆಯೂ ದೂರ. ಇಂಥ ನೆಲದಲ್ಲಿ ಆದಿಲ್ ಶಾಹಿಗಳು ರಾಜಧಾನಿ ಕಟ್ಟಿ ಬೆಳೆಸಿದರು. 1565ರ ರಕ್ಕಸತಂಗಡಿ ಯುದ್ಧದ ನಂತರ ಊರು ಇನ್ನೂ ಹಿಗ್ಗಿತು. ಅಷ್ಟು ಜನಕ್ಕೆ ನೀರು ಎಲ್ಲಿಂದ?

ಮೊದಲ ಉತ್ತರ ಬಾವಡಿಗಳು. ಒಂದನೆಯ ಅಲಿ ಆದಿಲ್ ಶಾಹನ ಕಾಲದ ಚಾಂದ್ ಬಾವಡಿ, 1620ರ ತಾಜ್ ಬಾವಡಿ. ತಾಜ್ ಬಾವಡಿಯ ಬಾಗಿಲಲ್ಲಿ ದೊಡ್ಡ ಕಮಾನು, ಅದರ ಎರಡೂ ಬದಿ ಎಂಟು ಮೂಲೆಯ ಬುರುಜು. ನೋಡಲು ಚೆಂದ, ಹೊತ್ತಿಗೆ ಒದಗುವಂಥವು. ಆದರೆ ಬಾವಡಿಗಳಿಂದಷ್ಟೇ ಅಷ್ಟು ದೊಡ್ಡ ಊರಿನ ನೀರಡಿಕೆ ತೀರದು.

ಟಿಕೋಟಾ ಕಡೆಯ ದಾರಿಯಲ್ಲಿ, ಪಡುವಣಕ್ಕೆ ತೊರವಿ ಇದೆ. ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು ಅದೇ. ಅಲ್ಲಿನ ನೀರನ್ನು ಸುರಂಗ ತೋಡಿ ನಗರಕ್ಕೆ ಹರಿಸಿದರು. ಗಾಳಿಯಾಡಲು, ಹೂಳು ಎತ್ತಲು ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟರು. ತೊರವಿಯ ಸುರಂಗ ಬಾವಡಿ ಈ ಏರ್ಪಾಟಿನದೇ ಭಾಗ. ಎತ್ತಿಲ್ಲ, ಏತವಿಲ್ಲ, ನೆಲದ ಇಳಿಜಾರೇ ನೀರನ್ನು ನಡೆಸಿತು. ಮೈಲುಗಟ್ಟಲೆ ದೂರ ಆ ಇಳಿಜಾರು ತಪ್ಪದಂತೆ ಅಳೆದವರ ಹೆಸರು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

1651ರಲ್ಲಿ ಮುಹಮ್ಮದ್ ಆದಿಲ್ ಶಾಹ ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿದ. ಇಲ್ಲಿಂದ ನೀರು ಬಂದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಕೊಳವೆಯ ಸುತ್ತ ಗಾರೆ ಕಟ್ಟಡದ ಕವಚ. ಅಸಾರ್ ಮಹಲಿನ ಮುಂದಿನ ಹೊಂಡ ತುಂಬುತ್ತಿದ್ದುದೂ ಈ ನೀರಿನಿಂದಲೇ.

ತೊಡಕು ಇದ್ದದ್ದು ಇಲ್ಲೇ. ಎತ್ತರದ ಕೆರೆಯಿಂದ ತಗ್ಗಿನ ಊರಿಗೆ ಮುಚ್ಚಿದ ಕೊಳವೆಯಲ್ಲಿ ನೀರು ಇಳಿದಂತೆಲ್ಲ ಒತ್ತಡ ಏರುತ್ತದೆ. 10 ಮೀಟರ್ ಇಳಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ಮಣ್ಣಿನ ಕೊಳವೆ ಎಷ್ಟು ತಾಳೀತು? ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಗುಂಜ್ ಎಂಬ ಚೌಕ ಗೋಪುರ ಎಬ್ಬಿಸಿದರು. ಕೊಳವೆಯ ನೀರು ಗುಂಜಿನೊಳಗೆ ಮೇಲೇರುತ್ತದೆ. ಮೇಲೆ ತೆರೆದ ಗಾಳಿ ತಾಗಿದ್ದೇ ಹಿಂದಿನ ಒತ್ತಡವೆಲ್ಲ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನ ಕೊಳವೆಗೆ ಇಳಿಯುವಾಗ ಅದರ ಮೇಲೆ ಬೀಳುವುದು ಈ ಗುಂಜಿನ ನೀರಿನ ಮಟ್ಟದಿಂದ ಹುಟ್ಟುವ ಒತ್ತಡ ಮಾತ್ರ, ದೂರದ ಕೆರೆಯದಲ್ಲ. ಸಿಕ್ಕಿಕೊಂಡ ಗಾಳಿಯೂ ಹೊರಬೀಳುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ಒಂದೇ ಕಟ್ಟಡ, ಮೂರು ಕೆಲಸ. ಇಂದಿನ ಎಂಜಿನಿಯರುಗಳು ಉದ್ದದ ಕೊಳವೆ ಮಾರ್ಗದ ನಡುವೆ ಕಟ್ಟುವ ಒತ್ತಡ ತಗ್ಗಿಸುವ ತೊಟ್ಟಿಯ ತತ್ತ್ವವೂ ಇದೇ.

ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ಬರುವವರು ಸಾವಿರಾರು. ಆ ಗುಮ್ಮಟ ಕಟ್ಟಿದ ಕೈಗಳು ಕುಡಿದ ನೀರಿನ ಕಡೆಗೆ ನಮ್ಮ ಗಮನ ಹೋಗಿಲ್ಲ. ಈಗ ಬಬಲೇಶ್ವರ, ಟಿಕೋಟಾ ಭಾಗಕ್ಕೆ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ತರಲಾಗುತ್ತಿದೆ. ರೈತರಿಗೆ ಅದು ದೊಡ್ಡ ಆಸರೆ. ಆ ಕಾಲುವೆಗಳ ಬಗ್ಗೆ ಪಾಠ ಹೇಳುವ ಮೇಷ್ಟ್ರುಗಳು ಮಕ್ಕಳನ್ನು ಒಮ್ಮೆ ತೊರವಿಗೂ ಕರೆದೊಯ್ಯಲಿ. ನಗರದಲ್ಲಿ ಉಳಿದಿರುವ ಒಂದೊಂದು ಗುಂಜಿಗೂ ಅದರ ಕೆಲಸ ವಿವರಿಸುವ ಕನ್ನಡ ಫಲಕ ಬೇಕು. ಅವುಗಳಿಗೆ ಒರಗಿ ಗೋಡೆ ಕಟ್ಟುವುದು, ಕಸ ಸುರಿಯುವುದು ಮೊದಲು ನಿಲ್ಲಲಿ.