ಒಂದು ಹನಿ ರಕ್ತ, ಮೂರು ಶಾಸ್ತ್ರಗಳು

ಸ್ನಾತಕೋತ್ತರ ತರಗತಿಗಳಲ್ಲಿ ಜೀವವೈದ್ಯಕೀಯ ವಿಜ್ಞಾನ, ತಳಿಶಾಸ್ತ್ರ, ವೈದ್ಯಕೀಯ ಮಾಹಿತಿ ವಿಜ್ಞಾನ ಎಂಬ ಮೂರು ವಿಷಯಗಳನ್ನು ಸಾಮಾನ್ಯವಾಗಿ ಮೂರು ಬೇರೆ ಪತ್ರಿಕೆಗಳಾಗಿ ಬೋಧಿಸುವ ರೂಢಿಯಿದೆ. ವಿದ್ಯಾರ್ಥಿಯು ಮೊದಲನೆಯದರಲ್ಲಿ ಅಣುಗಳ ರಚನೆಯನ್ನೂ, ಎರಡನೆಯದರಲ್ಲಿ ಮೆಂಡೆಲನ ನಿಯಮಗಳನ್ನೂ, ಮೂರನೆಯದರಲ್ಲಿ ಗಣಕಯಂತ್ರದ ದಾಖಲೆಗಳನ್ನೂ ಅಭ್ಯಸಿಸಿ, ಮೂರಕ್ಕೂ ಪ್ರತ್ಯೇಕವಾಗಿ ಪರೀಕ್ಷೆ ಬರೆದು ಮುಗಿಸುತ್ತಾನೆ. ಆದರೆ “ಈ ಹುಡುಗಿಯ ರಕ್ತಪರೀಕ್ಷೆ ಪಾಸಿಟಿವ್ ಎಂದು ಬಂದಿದೆ, ಹಾಗೆಂದರೇನು?” ಎಂದು ತಾಯಿಯೊಬ್ಬಳು ಕೇಳಿದಾಗ, ಈ ಮೂರರಲ್ಲಿ ಯಾವುದೂ ತಾನೊಂದೇ ಉತ್ತರ ಕೊಡಲಾರದು. ಮೂರೂ ಕೂಡಿದಾಗ ಮಾತ್ರ ಉತ್ತರ ದೊರೆಯುತ್ತದೆ. ಈ ಸಂಗತಿಯನ್ನು ಕುಡುಗೋಲು ಕಣ ರಕ್ತಹೀನತೆಯ, ಎಂದರೆ ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂದು ಕರೆಯುವ ರೋಗದ, ನಿದರ್ಶನದಿಂದ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಜೀವರಸಾಯನದ ಪಾಠವನ್ನು ನೋಡೋಣ. ಈ ರೋಗಿಗಳ ರಕ್ತಕಣಗಳು ಕುಡುಗೋಲಿನಂತೆ ಬಾಗಿರುವುದನ್ನು 1910ರಲ್ಲಿ ಷಿಕಾಗೋ ನಗರದ ವೈದ್ಯ ಹೆರಿಕ್ ಪ್ರಕಟಿಸಿದನು. 1949ರಲ್ಲಿ ಪಾಲಿಂಗ್ ಮತ್ತು ಅವನ ಸಹೋದ್ಯೋಗಿಗಳು, ರೋಗಿಯ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ರೀತಿ ಸಹಜ ಹಿಮೋಗ್ಲೋಬಿನ್ನಿನದಕ್ಕಿಂತ ಬೇರೆಯೆಂದು ತೋರಿಸಿ, ಇದು ಅಣುವಿನ ರೋಗವೆಂದು ಸಾರಿದರು. ಆ ವ್ಯತ್ಯಾಸ ಎಲ್ಲಿದೆ ಎಂಬುದನ್ನು 1956-57ರಲ್ಲಿ ಇಂಗ್ರಾಮ್ ಕಂಡುಹಿಡಿದನು. 146 ಅಮೈನೊ ಆಮ್ಲಗಳುಳ್ಳ ಬೀಟಾ ಸರಪಣಿಯಲ್ಲಿ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದ ಕಡೆ ವ್ಯಾಲೀನ್ ಇರುತ್ತದೆ, ವ್ಯತ್ಯಾಸ ಇಷ್ಟೇ. ಆಮ್ಲಜನಕವನ್ನು ಕಳೆದುಕೊಂಡಾಗ ಈ ವ್ಯಾಲೀನ್ ಪಕ್ಕದ ಅಣುವಿಗೆ ಅಂಟಿಕೊಂಡು, ಅಣುಗಳು ಉದ್ದನೆಯ ಎಳೆಗಳಾಗಿ ಹೆಣೆದುಕೊಳ್ಳುತ್ತವೆ. ಆಗ ಕಣವು ಬಾಗಿ, ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತೀವ್ರವಾದ ನೋವನ್ನುಂಟುಮಾಡುತ್ತದೆ.

ಎರಡನೆಯದು ತಳಿಶಾಸ್ತ್ರದ ಪಾಠ. ರೋಗಿಯ ತಂದೆ ತಾಯಿಗಳಿಬ್ಬರೂ ಈ ವಂಶವಾಹಿಯ ಒಂದೊಂದು ಪ್ರತಿಯನ್ನು ಹೊತ್ತಿರುತ್ತಾರೆಂದು 1949ರಲ್ಲಿ ನೀಲ್ ತೋರಿಸಿಕೊಟ್ಟನು. ಒಂದು ಪ್ರತಿಯನ್ನು ಮಾತ್ರ ಪಡೆದವರು ವಾಹಕರು. ಅವರ ಕಣಗಳಲ್ಲಿ ಸಹಜ ಹಿಮೋಗ್ಲೋಬಿನ್ನೇ ಹೆಚ್ಚಾಗಿರುವುದರಿಂದ ಅವರು ಸಾಮಾನ್ಯ ಜೀವನದಲ್ಲಿ ಆರೋಗ್ಯವಂತರು. ಅಷ್ಟೇ ಅಲ್ಲ, ಮಲೇರಿಯದ ಉಗ್ರರೂಪದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಇದೆಯೆಂದು 1954ರಲ್ಲಿ ಆಲಿಸನ್ ಪ್ರತಿಪಾದಿಸಿದನು. ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. “ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ” ಎಂದು ಇದನ್ನು ಅರ್ಥಮಾಡಿಕೊಳ್ಳಬಾರದು. ಮೊದಲ ಮಗುವಿಗೆ ರೋಗ ಬಂದಿತೆಂಬ ಕಾರಣಕ್ಕೆ ಎರಡನೆಯದಕ್ಕೆ ವಿನಾಯಿತಿಯೇನೂ ದೊರೆಯುವುದಿಲ್ಲ.

ಒಂದು ಸಮುದಾಯದಲ್ಲಿ ಈ ವಂಶವಾಹಿಯ ಪ್ರಮಾಣ ಹತ್ತರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ. 1908ರ ಹಾರ್ಡಿ-ವೈನ್‌ಬರ್ಗ್ ನಿಯಮದಂತೆ ನೂರು ಜನರಲ್ಲಿ 81 ಮಂದಿ ಸಹಜರು, 18 ಮಂದಿ ವಾಹಕರು, ಒಬ್ಬರು ರೋಗಿ. ಆದರೆ ಈ ನಿಯಮವು ವಿವಾಹಗಳು ಸಂಬಂಧವನ್ನು ನೋಡದೆ ನಡೆಯುತ್ತವೆಂದು ಭಾವಿಸುತ್ತದೆ. ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ಸೋದರಮಾವನು ಅಕ್ಕನ ಮಗಳನ್ನು ವರಿಸುವ ಪದ್ಧತಿ ಬಹುಕಾಲದಿಂದ ಇದೆ. ಇಂತಹ ದಂಪತಿಗಳ ಮಗುವು ಒಬ್ಬನೇ ಪೂರ್ವಜನಿಂದ ಒಂದೇ ವಂಶವಾಹಿಯ ಎರಡು ಪ್ರತಿಗಳನ್ನು ಪಡೆಯುವ ಸಂಭವ ಎಂಟರಲ್ಲಿ ಒಂದು. ಇದನ್ನು ಲೆಕ್ಕಕ್ಕೆ ಸೇರಿಸಿದರೆ ಆ ಮಕ್ಕಳಲ್ಲಿ ರೋಗಿಗಳ ಪ್ರಮಾಣ ನೂರಕ್ಕೆ ಒಂದರಿಂದ ಎರಡಕ್ಕಿಂತ ತುಸು ಹೆಚ್ಚಾಗುತ್ತದೆ. ವಂಶವಾಹಿಯು ಸಾವಿರದಲ್ಲಿ ಒಂದರಷ್ಟು ವಿರಳವಾಗಿದ್ದರೆ ಈ ಹೆಚ್ಚಳ ಸುಮಾರು 126 ಪಟ್ಟು. ವಂಶವಾಹಿ ವಿರಳವಾದಷ್ಟೂ ರಕ್ತಸಂಬಂಧದ ಪ್ರಭಾವ ಹಿರಿದಾಗುತ್ತದೆ ಎಂಬ ಈ ತತ್ತ್ವವನ್ನು ಬಾಯಿಪಾಠ ಮಾಡುವುದಕ್ಕಿಂತ, ವಿದ್ಯಾರ್ಥಿಯು ತಾನೇ ಲೆಕ್ಕ ಮಾಡಿ ಕಂಡುಕೊಳ್ಳುವುದು ಮೇಲು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಕ್ಷೇತ್ರಕಾರ್ಯದಲ್ಲಿ ಮೊದಲು ಬಳಸುವ ಸುಲಭವಾದ ಉಪಾಯ ದ್ರಾವ್ಯತಾ ಪರೀಕ್ಷೆ. ಒಂದು ಹನಿ ರಕ್ತವನ್ನು ತಕ್ಕ ದ್ರಾವಣದಲ್ಲಿ ಬೆರೆಸಿದಾಗ ಕುಡುಗೋಲು ಹಿಮೋಗ್ಲೋಬಿನ್ ಕರಗದೆ ಉಳಿದು ದ್ರವವು ಕದಡುತ್ತದೆ. ನಳಿಕೆಯ ಹಿಂದೆ ಹಿಡಿದ ಕಾಗದದ ಗೆರೆಗಳು ಕಾಣದಂತಾಗುತ್ತವೆ. ಇದರ ಮಿತಿಗಳನ್ನು ಮರೆಯಬಾರದು. ವಾಹಕನ ರಕ್ತವೂ ರೋಗಿಯ ರಕ್ತವೂ ಇದರಲ್ಲಿ ಒಂದೇ ರೀತಿ ಕದಡುತ್ತವೆ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿದ್ದರೂ ದ್ರವ ಕದಡಬಹುದು. ಹಸುಗೂಸುಗಳಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದರಿಂದ ರೋಗವಿದ್ದರೂ ಪರೀಕ್ಷೆ ಅದನ್ನು ತೋರಿಸದೆ ಹೋಗಬಹುದು. ಆದುದರಿಂದ ಎಲೆಕ್ಟ್ರೊಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ವಿಧಾನದಿಂದ ದೃಢಪಡಿಸದೆ ಯಾವ ನಿರ್ಣಯಕ್ಕೂ ಬರಲಾಗದು.

ಇಲ್ಲಿಯೇ ಮೂರನೆಯ ಶಾಸ್ತ್ರದ ಅಗತ್ಯ ಕಂಡುಬರುತ್ತದೆ. ಒಂದು ಪರೀಕ್ಷೆಯು ವಾಹಕರನ್ನೆಲ್ಲ ತಪ್ಪದೆ ಹಿಡಿಯುತ್ತದೆ, ಆದರೆ ಸಹಜರಲ್ಲಿ ನೂರಕ್ಕೆ ಇಬ್ಬರನ್ನು ತಪ್ಪಾಗಿ ಎಣಿಸುತ್ತದೆ ಎಂದು ಭಾವಿಸೋಣ. ರೋಗಿಗಳನ್ನು ಸದ್ಯಕ್ಕೆ ಬದಿಗಿಡೋಣ. ಸಾವಿರ ಜನರಲ್ಲಿ 180 ವಾಹಕರಿರುವ ಸಮುದಾಯದಲ್ಲಿ ಪಾಸಿಟಿವ್ ಎಂದು ಬರುವವರು ಸುಮಾರು 196. ಅವರಲ್ಲಿ 180 ಮಂದಿ ನಿಜವಾದ ವಾಹಕರು. ಸಾವಿರಕ್ಕೆ ಹತ್ತೇ ವಾಹಕರಿರುವ ಊರಿನಲ್ಲಿಯಾದರೋ ಪಾಸಿಟಿವ್ ಎಂದು ಬರುವವರು ಸುಮಾರು 30. ಅವರಲ್ಲಿ ನಿಜವಾದ ವಾಹಕರು ಹತ್ತು ಮಂದಿ ಮಾತ್ರ. ನಳಿಕೆ ಅದೇ, ದ್ರಾವಣ ಅದೇ, ವರದಿಯಲ್ಲಿ ಬರೆದ ಪದವೂ ಅದೇ. ಆದರೆ ಅದರ ಅರ್ಥ ಬೇರೆ. ವರದಿಯ ಅರ್ಥವು ಪರೀಕ್ಷೆಯೊಂದನ್ನೇ ಅಲ್ಲದೆ, ಪರೀಕ್ಷೆಗೊಳಗಾದವರು ಯಾರೆಂಬುದನ್ನೂ ಅವಲಂಬಿಸಿದೆ.

ಅನಂತರ ಈ ಫಲಿತಾಂಶವು ದಾಖಲೆಯನ್ನು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣದಲ್ಲಿ ಕುಡುಗೋಲು ಕಣ ರೋಗಕ್ಕೆ, ನೋವಿನ ಬಿಕ್ಕಟ್ಟು ಇಲ್ಲದಾಗ, ಡಿ 57.1 ಎಂಬ ಸಂಕೇತವಿದೆ. ವಾಹಕಸ್ಥಿತಿಗೆ ಡಿ 57.3. ದಾಖಲಿಸುವವನ ಕೈ ಒಂದು ಅಂಕೆಯಷ್ಟು ತಪ್ಪಿದರೆ ಆರೋಗ್ಯವಂತಳಾದ ಹುಡುಗಿ ರೋಗಿಯಾಗುತ್ತಾಳೆ. ದಾಖಲೆಯಲ್ಲಿ “ಪಾಸಿಟಿವ್” ಎಂಬ ಒಂದೇ ಅಂಕಣವಿದ್ದರೆ ಕೈತಪ್ಪಿನ ಅಗತ್ಯವೂ ಇಲ್ಲ. ಆ ನಮೂನೆಯೇ ವಾಹಕರನ್ನೂ ರೋಗಿಗಳನ್ನೂ ಒಂದಾಗಿಸಿಬಿಡುತ್ತದೆ. ಗಣಕಯಂತ್ರವು ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಕಾಪಾಡುತ್ತದೆ. ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಇದು ಕೇವಲ ಊಹೆಯಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1970ರ ದಶಕದ ಆರಂಭದಲ್ಲಿ ಹಲವು ರಾಜ್ಯಗಳು ಈ ತಪಾಸಣೆಯನ್ನು ಕಡ್ಡಾಯಗೊಳಿಸಿದವು. ವಾಹಕಸ್ಥಿತಿಗೂ ರೋಗಕ್ಕೂ ಇರುವ ಭೇದವನ್ನು ಅನೇಕರು ಅರಿಯದೆ, ಆರೋಗ್ಯವಂತರಾದ ಕಪ್ಪು ಜನರು ಉದ್ಯೋಗದಲ್ಲಿಯೂ ವಿಮೆಯಲ್ಲಿಯೂ ತೊಂದರೆಗೊಳಗಾದರು. 1972ರ ಕೇಂದ್ರ ಶಾಸನವು ಸ್ವಯಂಪ್ರೇರಿತ ತಪಾಸಣೆಗೆ ಒತ್ತುಕೊಟ್ಟಿತು. ಆದರೂ ಅಲ್ಲಿಯ ವಾಯುಸೇನಾ ಅಕಾಡೆಮಿ ವಾಹಕರನ್ನು ದೂರವಿಡುವುದನ್ನು ಕೈಬಿಟ್ಟದ್ದು 1981ರಲ್ಲಿ. ರಸಾಯನಶಾಸ್ತ್ರದ ಜ್ಞಾನ ಆ ದೇಶದಲ್ಲಿ ಕಡಿಮೆಯಾಗಿರಲಿಲ್ಲ. ಕೊರತೆಯಿದ್ದುದು ಆ ಜ್ಞಾನವನ್ನು ದಾಖಲೆಗೂ ಜನರ ತಿಳಿವಳಿಕೆಗೂ ಸರಿಯಾಗಿ ಮುಟ್ಟಿಸುವುದರಲ್ಲಿ.

ನಮ್ಮ ದೇಶದಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ವಂಶವಾಹಿಯಿರುವುದನ್ನು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ವರದಿ ಮಾಡಿದರು. 2023ರಲ್ಲಿ ಭಾರತ ಸರ್ಕಾರವು, 40 ವರ್ಷದವರೆಗಿನ ಏಳು ಕೋಟಿ ಜನರನ್ನು ತಪಾಸಣೆ ಮಾಡುವ ಗುರಿಯಿಟ್ಟು, ಈ ರೋಗದ ನಿರ್ಮೂಲನ ಯೋಜನೆಯನ್ನು ಆರಂಭಿಸಿತು. ಕರ್ನಾಟಕವೂ ಆ ಯೋಜನೆಯೊಳಗಿದೆ. ಇಷ್ಟು ಜನರ ಕೈಗೆ ಬರುವ ಚೀಟಿಯನ್ನು ಓದಿ ಹೇಳಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ. ಅವರು ಹೇಳುವ ಒಂದು ಮಾತಿನ ಮೇಲೆ ಒಂದು ಮದುವೆ ನಿಲ್ಲಬಹುದು ಅಥವಾ ಮುರಿಯಬಹುದು.

ಆದುದರಿಂದ ಮೂರು ಪತ್ರಿಕೆಗಳನ್ನು ಒಂದಾಗಿಸಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಶಿಸ್ತುಂಟು. ಆದರೆ ವರ್ಷಕ್ಕೊಮ್ಮೆಯಾದರೂ ಮೂವರು ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ಕುಳಿತು, ಒಂದು ರಕ್ತದ ವರದಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ನಳಿಕೆಯಿಂದ ಮೊದಲುಗೊಂಡು ಮನೆಯವರಿಗೆ ಹೇಳುವ ಮಾತಿನವರೆಗೆ ಅದನ್ನು ಹಂತಹಂತವಾಗಿ ವಿವರಿಸುವಂತಾಗಬೇಕು. ಹಾಗೆ ಕಲಿತ ವಿದ್ಯಾರ್ಥಿಯು ಆ ತಾಯಿಗೆ, “ಪರೀಕ್ಷೆ ಇನ್ನೂ ಮುಗಿದಿಲ್ಲಮ್ಮ; ಇನ್ನೊಂದು ಪರೀಕ್ಷೆಯಾಗಬೇಕು. ನಿಮ್ಮ ಮಗಳು ಬರಿಯ ವಾಹಕಳೆಂದು ತಿಳಿದುಬಂದರೆ ಅದು ರೋಗವಲ್ಲ” ಎಂದು ಧೈರ್ಯವಾಗಿ ಹೇಳಬಲ್ಲನು.