ಹಳೆಯ ಅಗ್ಗಿಷ್ಟಿಕೆಗೆ ಬಣ್ಣ: ಮೊದಲು ಬಿರುಕು, ಕೊನೆಗೆ ಕುಂಚ



ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕಣ ಖಾಲಿಯಾದೊಡನೆ ನಮ್ಮವರ ಗಮನ ಮನೆಯ ಕಡೆಗೆ ಹರಿಯುವುದು ರೂಢಿ. ಹೆಂಚು ಕೈಯಾಡಿಸುವುದು, ಸುಣ್ಣ ಬಣ್ಣ ಮಾಡಿಸುವುದು ಎಲ್ಲವೂ ಮಳೆಗೆ ಮುಂಚಿನ ಎರಡು ಮೂರು ತಿಂಗಳಲ್ಲೇ ಆಗಬೇಕು. ಈ ಸಲ ಗೊಬ್ಬರಕ್ಕೆಂದು ಸಂಘದ ಕಚೇರಿಗೆ ಬಂದ ಮೂವರು ಸದಸ್ಯರು ಕೇಳಿದ್ದು ಒಂದೇ ಪ್ರಶ್ನೆ: "ಹಳೇ ಮನೆಯ ಇಟ್ಟಿಗೆ ಫೈರ್‌ಪ್ಲೇಸು ಮಸಿ ಹಿಡಿದು ಕಪ್ಪಾಗಿದೆ. ಯಾವ ಪೇಂಟು ಹೊಡೆಸೋಣ?" ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಇಲ್ಲಿಯೇ ಹೇಳಿಬಿಡುತ್ತೇನೆ.

ಅಗ್ಗಿಷ್ಟಿಕೆ ನಮ್ಮ ಹಿರಿಯರು ಕಟ್ಟಿದ ವಸ್ತುವಲ್ಲ. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದರು. ಅವರಂತೆ ಕೊಡಗಿಗೂ ಮಲೆನಾಡಿಗೂ ಬಂದ ದೊರೆಗಳು ತಮ್ಮ ಊರಿನ ಚಳಿಯನ್ನು ನೆನೆದು ಬಂಗಲೆಯ ಹಜಾರದಲ್ಲಿ ಇದನ್ನು ಕಟ್ಟಿಸಿದರು. ಆ ಬಂಗಲೆಗಳಲ್ಲಿ ಎಷ್ಟೋ ಕ್ರಯವಾಗಿ, ಪಾಲಾಗಿ ನಮ್ಮಂಥವರ ಕೈಗೆ ಬಂದಿವೆ. ಕಟ್ಟಿದವರ ಲೆಕ್ಕಾಚಾರ ಮಾತ್ರ ನಮಗೆ ಬಂದಿಲ್ಲ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಮದುವೆ ಬಂತು. ಅಗ್ಗಿಷ್ಟಿಕೆಯ ಎದೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತ್ತು. ಪುಟ್ಟಿ ತುಂಬಿಸಿ, ಮೇಲೆ ಬಿಳಿ ಎನಾಮಲ್ ಎರಡು ಕೈ ಹೊಡೆಸಿದೆ. ನೆಂಟರೆಲ್ಲ ಹೊಗಳಿದರು. ಮುಂದಿನ ಆಷಾಢದಲ್ಲಿ ಪೇಂಟು ಹಪ್ಪಳದಂತೆ ಎದ್ದಿತು. ಅದು ಹೋಗಲಿ. ಒಂದು ರಾತ್ರಿ ಗಾಳಿಮಳೆಗೆ ಕಿಟಕಿಗಳನ್ನೆಲ್ಲ ಭದ್ರಪಡಿಸಿ, ಕೆಂಡ ಹಾಗೆಯೇ ಬಿಟ್ಟು ಮಲಗಿದೆವು. ಬೆಳಿಗ್ಗೆ ಪಕ್ಕದ ಕೋಣೆಯಲ್ಲಿದ್ದ ನನ್ನ ತಾಯಿ ಏಳಲಾರರು, ತಲೆಸಿಡಿತ, ವಾಂತಿ. ಜಗಲಿಗೆ ಎತ್ತಿ ತಂದು, ಅಲ್ಲಿಂದ ಪೇಟೆಯ ಆಸ್ಪತ್ರೆಗೆ ಒಯ್ದೆವು. ವೈದ್ಯರು ಕೇಳಿದ ಮೊದಲ ಮಾತು, "ಮನೆಯೊಳಗೆ ಬೆಂಕಿ ಇತ್ತೇ?" ದೇವರ ದಯೆ, ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. ಮನೆಗೆ ಬಂದು ಪೇಂಟು ಕೆರೆದು ನೋಡಿದರೆ, ಪುಟ್ಟಿಯ ಹಿಂದೆ ಬಿರುಕು ಬೆರಳು ಹೋಗುವಷ್ಟು ಅಗಲವಾಗಿ ಅಮ್ಮನ ಕೋಣೆಯ ಗೋಡೆಯವರೆಗೂ ಓಡಿತ್ತು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿರುಕನ್ನು ನಾನು ಮುಚ್ಚಿದ್ದು ಕಣ್ಣಿಗೆ ಮಾತ್ರ, ವಿಷಾನಿಲಕ್ಕಲ್ಲ.

ಆದಕಾರಣ ಬಣ್ಣ ಎಂಬುದು ಕೊನೆಯ ಕೆಲಸ. ಕ್ರಮ ಹೀಗಿರಲಿ.

ಮೊದಲನೆಯದು ಚಿಮಣಿ. ಮೇಲಿನಿಂದ ಕೆಳಗಿನವರೆಗೆ ಮಸಿ, ಹಕ್ಕಿಗೂಡು, ಜೇನುಹಟ್ಟಿ ತೆಗೆಸಿರಿ. ಅನಂತರ ಕಿಟಕಿ ಬಾಗಿಲು ತೆರೆದಿಟ್ಟು, ಸ್ವಲ್ಪ ಹಸಿ ಸೊಪ್ಪಿನ ಹೊಗೆ ಹಾಕಿ, ಮೇಲಿನ ಬಾಯಿಗೆ ಒದ್ದೆ ಗೋಣಿಯನ್ನು ಸ್ವಲ್ಪ ಹೊತ್ತು ಮುಚ್ಚಿಸಿರಿ. ಗೋಡೆಯಲ್ಲಿ ಎಲ್ಲಿ ಹೊಗೆ ಕಂಡರೂ ಅಲ್ಲಿ ಬಿರುಕಿದೆಯೆಂದೇ ಅರ್ಥ. ಹಳೆಯ ಮೆತ್ತನೆಯ ಇಟ್ಟಿಗೆಯ ಸಂದಿಗೆ ಸುಣ್ಣದ ಗಾರೆಯೇ ಸೂಕ್ತ. ಗಡುಸಾದ ಸಿಮೆಂಟು ಇಟ್ಟಿಗೆಯೊಡನೆ ಹೊಂದದೆ ಅದರ ಅಂಚನ್ನೇ ಸೀಳುತ್ತದೆ. ಬಿರುಕು ಗೋಡೆಯ ಆಳಕ್ಕೆ ಹೋಗಿದ್ದರೆ ಅನುಭವಿ ಮೇಸ್ತ್ರಿಯನ್ನು ಕರೆಸದೆ ಬೆಂಕಿ ಹಾಕಬೇಡಿ.

ಎರಡನೆಯದು ತೊಳೆಯುವುದು. ಒಣ ಕುಂಚದಿಂದ ಮಸಿ ಉದುರಿಸಿ, ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆದು, ವಾರವಾದರೂ ಒಣಗಲು ಬಿಡಿ. ಹಳೆಯ ಎನಾಮಲ್ ಇದ್ದರೆ ಒಣ ಉಪ್ಪುಕಾಗದ ತಿಕ್ಕಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಪೇಂಟಿನ ಧೂಳು ಮಕ್ಕಳಿಗೆ ವಿಷವಾಗಬಹುದು. ನೀರು ಚಿಮುಕಿಸಿಯೇ ಕೆರೆಯಿರಿ, ಮಕ್ಕಳನ್ನು ದೂರವಿಡಿ.

ಮೂರನೆಯದು ಬಣ್ಣದ ಆಯ್ಕೆ. ಹೊರಮೈಗೆ ನನ್ನ ಸಲಹೆ ಸುಣ್ಣವೇ. ಇಟ್ಟಿಗೆ ಮಳೆಗಾಲದಲ್ಲಿ ಚಿಮಣಿಯ ಕಡೆಯಿಂದ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಎನಾಮಲ್ ಈ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು, ಉಪ್ಪು ಮೇಲೆದ್ದು, ಬಣ್ಣದೊಡನೆ ಇಟ್ಟಿಗೆಯ ಮೈಯೂ ಉದುರುತ್ತದೆ. ಸುಣ್ಣವಾದರೋ ತೇವವನ್ನು ಹೊರಹೋಗಗೊಡುತ್ತದೆ, ಗಾಳಿಯ ಇಂಗಾಲಾಮ್ಲವನ್ನು ಹೀರಿ ತಾನೇ ಕಲ್ಲಾಗುತ್ತದೆ. ಬೋರ್ಡೋ ದ್ರಾವಣಕ್ಕೂ, ಬಿಸಿಲಿಗೆ ಸೀಳದಂತೆ ಅಡಿಕೆ ಮರದ ಕಾಂಡಕ್ಕೂ, ಕಾಂಡಕೊರಕಕ್ಕೆಂದು ಕಾಫಿ ಗಿಡಕ್ಕೂ ಸುಣ್ಣ ಬಳಸುವ ನಮಗೆ ಇದು ಹೊಸದೇನಲ್ಲ.

ಚೆನ್ನಾಗಿ ಅರಳಿಸಿ ಸೋಸಿದ ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ, ಇಟ್ಟಿಗೆಯನ್ನು ನೀರಿನಿಂದ ತೇವ ಮಾಡಿ, ದಿನಕ್ಕೊಂದರಂತೆ ನಾಲ್ಕೈದು ಕೈ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಉದುರುವುದು ಖಂಡಿತ. ಅಚ್ಚ ಬಿಳಿ ಬೇಡವೆನ್ನುವವರು ಕಾವಿಯನ್ನೋ ಹಳದಿ ಮಣ್ಣಿನ ಬಣ್ಣವನ್ನೋ ಬೆರೆಸಬಹುದು. ಸುಣ್ಣ ಅರಳಿಸುವಾಗ ಕಣ್ಣು ಜೋಪಾನ.

ಬೆಂಕಿ ಉರಿಯುವ ಒಳಗೂಡಿಗೆ ಎನಾಮಲ್, ಎಮಲ್ಷನ್ ಯಾವುದೂ ಸಲ್ಲದು. ಕಾದೊಡನೆ ಸುಟ್ಟು ದುರ್ನಾತದ ಹೊಗೆ ಬಿಡುತ್ತವೆ. ಬಣ್ಣ ಬೇಕೇ ಬೇಕೆಂದರೆ ಡಬ್ಬಿಯ ಮೇಲೆ 600 ಡಿಗ್ರಿ ಸೆಲ್ಸಿಯಸ್ ತಡೆಯುವುದೆಂದು ಬರೆದ ಶಾಖನಿರೋಧಕ ಪೇಂಟನ್ನೇ ಕೊಳ್ಳಿರಿ. ಇಲ್ಲವಾದರೆ ಇಟ್ಟಿಗೆಯನ್ನು ಹಾಗೆಯೇ ಬಿಡುವುದು ಲೇಸು.

ಒಲೆಯ ಗೋಡೆಗೆ ಸುಣ್ಣವೆಂದರೆ ಕೆಲವರಿಗೆ ಅಗ್ಗದ ಮಾತೆನಿಸೀತು. 1796ರಷ್ಟು ಹಿಂದೆಯೇ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಅಗ್ಗಿಷ್ಟಿಕೆಗಳ ಮೇಲೆ ಪ್ರಬಂಧ ಬರೆದು, ಉರಿ ನೇರವಾಗಿ ತಾಗದ ಭಾಗಗಳಿಗೆಲ್ಲ ಸುಣ್ಣ ಬಳಿದು ಬೆಳ್ಳಗಿಡಬೇಕೆಂದೂ, ಬಿಳಿಯ ಮೈ ಶಾಖವನ್ನು ಕೋಣೆಗೆ ತಿರುಗಿಸುತ್ತದೆಂದೂ ಹೇಳಿದ್ದಾನೆ. ಕಾಫಿಯ ಗುಣಗಳನ್ನು ಹೊಗಳಿ 1812ರಲ್ಲಿ ಮತ್ತೊಂದು ಪ್ರಬಂಧ ಬರೆದವನೂ ಇವನೇ. ನಮಗೆ ದೂರದ ನೆಂಟನೆಂದು ತಿಳಿಯಲಡ್ಡಿಯಿಲ್ಲ.

ಅಗ್ಗಿಷ್ಟಿಕೆ ಇಲ್ಲದ ಸದಸ್ಯರು ಇದು ತಮಗಲ್ಲವೆಂದು ಪುಟ ಮಗುಚಬಾರದು. ಬಚ್ಚಲ ಹಂಡೆಯ ಒಲೆಗೂ, ಅಡಿಕೆ ಬೇಯಿಸುವ ಒಲೆಯ ಚಿಮಣಿಗೂ ಬಿರುಕಿನ ಮಾತು ಅನ್ವಯಿಸುತ್ತದೆ. ಮಲಗುವ ಮುನ್ನ ಕೆಂಡ ಆರಿಸಿರಿ, ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ.

ನಮ್ಮ ಮನೆಯ ಅಗ್ಗಿಷ್ಟಿಕೆ ಈಗ ತಿಳಿಗಾವಿ ಬಣ್ಣದ್ದು. ಗಾರೆ ತುಂಬಿಸಿದ ಗೆರೆ ಹತ್ತಿರ ಹೋದರೆ ಕಾಣುತ್ತದೆ. ಅದನ್ನು ಮುಚ್ಚಬೇಡವೆಂದು ಅಮ್ಮನೇ ಹೇಳಿದರು. ಪ್ರತಿ ಮಳೆಗಾಲಕ್ಕೆ ಮುಂಚೆ ಅದು ಅಗಲವಾಗಿದೆಯೇ ಎಂದು ಬೆರಳಾಡಿಸಿ ನೋಡುವವರೂ ಅವರೇ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ